‘ಇಮ್ರೋಜ್’ ಸಂಪಾದಕ ಶೋಯೆಬುಲ್ಲಾ ಖಾನ್

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಮ್ಮ ಭಾಗದಲ್ಲೆಲ್ಲ ಧ್ವಜ ಹಾರಿಸುತ್ತೇವೆ. ಭಾಷಣಗಳಲ್ಲಿ ರಜಾಕಾರರ ಹೆಸರು ತಪ್ಪದೆ ಬರುತ್ತದೆ. ಅವರನ್ನು ಎದುರು ಹಾಕಿಕೊಂಡು ಪ್ರಾಣ ಕೊಟ್ಟ ಶೋಯೆಬುಲ್ಲಾ ಖಾನ್ ಹೆಸರು ಮಾತ್ರ ಅಪರೂಪ.

ಅವರು ಹುಟ್ಟಿದ್ದು 1920ರಲ್ಲಿ, ತೆಲಂಗಾಣದಲ್ಲಿ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ಆ ಪದವಿ ಹಿಡಿದು ನಿಜಾಮರ ಸರ್ಕಾರದಲ್ಲಿ ನೌಕರಿ ಹುಡುಕಬಹುದಿತ್ತು. ಅವರು ಪತ್ರಿಕೆ ಸೇರಿದರು. ಮಂದುಮುಲ ನರಸಿಂಗರಾವ್ ಅವರ ಉರ್ದು ಪತ್ರಿಕೆ ‘ರಯ್ಯತ್’ನಲ್ಲಿ ಕೆಲಸ ಮಾಡಿದರು. ಸರ್ಕಾರ ಅದನ್ನು ಮುಚ್ಚಿಸಿದಾಗ, ಬೂರ್ಗುಲ ರಾಮಕೃಷ್ಣರಾವ್ ಅವರ ನೆರವಿನಿಂದ 1947ರ ನವೆಂಬರ್‌ನಲ್ಲಿ ‘ಇಮ್ರೋಜ್’ ಎಂಬ ಸ್ವಂತ ಉರ್ದು ದಿನಪತ್ರಿಕೆ ತೆಗೆದರು. ಇಮ್ರೋಜ್ ಎಂದರೆ ಇಂದು, ಈ ದಿನ.

ಆ ದಿನಗಳು ಹೇಗಿದ್ದವು? ಕಮಲಾಪುರ, ಗುಲ್ಬರ್ಗಾ ಎಲ್ಲ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅರಸರು ಮುಸ್ಲಿಮರು, ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು. ಸಂಸ್ಥಾನದ ಪ್ರತಿಯೊಬ್ಬ ಮುಸ್ಲಿಮನೂ ಆಳುವವನೇ ಎಂದು ಇತ್ತೆಹಾದುಲ್ ಮುಸ್ಲಿಮೀನ್ ಪ್ರಚಾರ ಮಾಡುತ್ತಿತ್ತು. ಜಟಕಾ ಹೊಡೆಯುವ ಬಡವನಿಗೂ ತಾನು ರಾಜನೆಂಬ ಭ್ರಮೆ! ಲಾತೂರಿನ ವಕೀಲ ಕಾಸಿಂ ರಜ್ವಿ ಅದರ ನಾಯಕರಾದ ಮೇಲೆ ರಜಾಕಾರ್ ಪಡೆ ಹಳ್ಳಿಗಳಿಗೆ ನುಗ್ಗಿತು.

ಖಾನ್ ಇದನ್ನು ಉರ್ದುವಿನಲ್ಲೇ, ಉರ್ದು ಓದುವವರಿಗಾಗಿಯೇ ಖಂಡಿಸಿದರು. ಜನರಿಗೆ ಜವಾಬ್ದಾರಿಯಾದ ಸರ್ಕಾರ ಬರಬೇಕು, ಸಂಸ್ಥಾನ ಭಾರತಕ್ಕೆ ಸೇರಬೇಕು ಎಂಬುದು ಅವರ ನಿಲುವು. 1948ರ ಆಗಸ್ಟ್‌ನಲ್ಲಿ ಏಳು ಮಂದಿ ಮುಸ್ಲಿಂ ಗಣ್ಯರು ಇದೇ ಅರ್ಥದ ಹೇಳಿಕೆಗೆ ಸಹಿ ಹಾಕಿದಾಗ ಅದನ್ನು ಧೈರ್ಯವಾಗಿ ಅಚ್ಚು ಹಾಕಿದರು. ರಜ್ವಿ ಸಭೆಯೊಂದರಲ್ಲಿ, ತಮ್ಮ ವಿರುದ್ಧ ಏಳುವ ಕೈಗಳನ್ನು ಕಡಿಯಬೇಕೆಂದು ಗುಡುಗಿದರು.

ಕೆಲವೇ ದಿನಗಳ ನಂತರ, ಆಗಸ್ಟ್ 21ರ ರಾತ್ರಿ, ಖಾನ್ ತಮ್ಮ ಬಂಧು ಇಸ್ಮಾಯಿಲ್ ಖಾನ್ ಜೊತೆ ಕಾಚಿಗುಡ ಕಡೆಯ ಕಚೇರಿಯಿಂದ ಮನೆಗೆ ನಡೆದು ಹೋಗುತ್ತಿದ್ದರು. ದಾಳಿಕೋರರು ಗುಂಡು ಹಾರಿಸಿ, ಕತ್ತಿಯಿಂದ ಅವರ ಕೈ ಕಡಿದರು. ಬಿಡಿಸಲು ಹೋದ ಇಸ್ಮಾಯಿಲ್ ತೀವ್ರವಾಗಿ ಗಾಯಗೊಂಡರು. ಬೆಳಗಾಗುವಷ್ಟರಲ್ಲಿ ಖಾನ್ ತೀರಿಕೊಂಡರು. ಅವರಿಗಿನ್ನೂ 28 ತುಂಬಿರಲಿಲ್ಲ.

ನಾಲ್ಕು ವಾರ ಕಳೆಯುವುದರೊಳಗೆ ನಿಜಾಮರು ಶರಣಾದರು. ನಮ್ಮ ಮನೆಗಳಲ್ಲಿ ಹಿರಿಯರು ‘ಪೊಲೀಸ್ ಆಕ್ಷನ್’ ಎಂದು ದನಿ ತಗ್ಗಿಸಿ ಹೇಳುತ್ತಿದ್ದುದು ಆ ಸೆಪ್ಟೆಂಬರಿನ ಕಥೆಯನ್ನೇ. ರಜಾಕಾರರು ಮಾಡಿದ್ದಕ್ಕೆ, ಅದರಲ್ಲಿ ಪಾಲಿಲ್ಲದ ಮುಸ್ಲಿಮರೂ ಬೆಲೆ ತೆತ್ತರು. ಪಂಡಿತ್ ಸುಂದರಲಾಲ್ ಸಮಿತಿ ತನ್ನ ವರದಿಯಲ್ಲಿ ಅತಿ ಹೆಚ್ಚು ಸಾವುನೋವು ಕಂಡ ಜಿಲ್ಲೆಗಳೆಂದು ಹೆಸರಿಸಿದ್ದು ನಾಲ್ಕನ್ನು: ಉಸ್ಮಾನಾಬಾದ್, ನಾಂದೇಡ್, ಬೀದರ್, ಗುಲ್ಬರ್ಗಾ.

ರಜ್ವಿ 1957ರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೊರಟುಹೋದರು. ಹಿಂದೆ ಉಳಿದವರು ಇಲ್ಲಿನವರೇ.