ಕಾಗೆಕೊಕ್ಕಿನ ಇಕ್ಕಳ

ಹುಣಸೂರು ಪಿರಿಯಾಪಟ್ಟಣಗಳ ಹೊಲಗಳಲ್ಲಾಗಲಿ, ಕೃಷ್ಣರಾಜನಗರದ ಗದ್ದೆಗಳಲ್ಲಾಗಲಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಾಗಲಿ ಕುಡುಗೋಲು ತಗಲಿ ಕೈ ಕೊಯ್ದರೆ ನಾವು ಬಟ್ಟೆಯಿಂದ ಬಿಗಿದು ರಕ್ತವನ್ನು ನಿಲ್ಲಿಸುತ್ತೇವೆ. ಆದರೆ ವೈದ್ಯನು ಕಾಲನ್ನೇ ಕತ್ತರಿಸಬೇಕಾಗಿ ಬಂದರೆ, ಉಕ್ಕುವ ರಕ್ತವನ್ನು ತಡೆಯುವದು ಹೇಗೆ? ಇದಕ್ಕೆ ಕರುಣೆಯುಳ್ಳ ಮಾರ್ಗವನ್ನು ತೋರಿಸಿದ ಆಂಬ್ರ್ವಾಜ್ ಪಾರೆ ಎಂಬಾತನ ಚರಿತ್ರೆಯನ್ನು ಈ ಸಾರಿ ತಿಳಿಸುತ್ತೇವೆ.

ಪಾರೆಯು 1510ರ ಸುಮಾರಿಗೆ ಫ್ರಾನ್ಸ್ ದೇಶದ ಲವಾಲ್ ಪಟ್ಟಣದ ಬಳಿಯಲ್ಲಿ ಹುಟ್ಟಿದನು. ಆ ಕಾಲದಲ್ಲಿ ಪಂಡಿತ ವೈದ್ಯರು ಕತ್ತಿಯನ್ನು ಮುಟ್ಟುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯು ಕ್ಷೌರಿಕರ ಪಾಲಿಗೆ ಬಿದ್ದಿತ್ತು. ಪಾರೆಯೂ ಕ್ಷೌರಿಕರ ಬಳಿ ಕೆಲಸ ಕಲಿತು, ಪ್ಯಾರಿಸಿನ ದೊಡ್ಡ ಧರ್ಮಾಸ್ಪತ್ರೆಯಲ್ಲಿ ರೋಗಿಗಳಿಗೆ ಸೇವೆಮಾಡಿ, ಬಳಿಕ ದಂಡಿನ ಸಂಗಡ ಹೊರಟನು.

ಗುಂಡೇಟಿನ ಗಾಯದಲ್ಲಿ ವಿಷವಿದೆಯೆಂದು ನಂಬಿ ಅದರೊಳಗೆ ಕುದಿಯುವ ಎಣ್ಣೆಯನ್ನು ಹೊಯ್ಯುವದು ಆಗಿನ ರೂಢಿಯಾಗಿತ್ತು. 1537ರಲ್ಲಿ ಇಟಲಿಯ ಟೂರಿನ್ ಸೀಮೆಯ ಯುದ್ಧದಲ್ಲಿ ಎಣ್ಣೆ ಮುಗಿದುಹೋಯಿತು. ಪಾರೆಯು ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಇವನ್ನು ಕಲಸಿ ಉಳಿದವರ ಗಾಯಗಳಿಗೆ ಹಚ್ಚಿದನು. ಅವರು ಸಾಯುವರೆಂಬ ಭಯದಿಂದ ರಾತ್ರಿಯೆಲ್ಲಾ ಆತನಿಗೆ ನಿದ್ದೆ ಬರಲಿಲ್ಲ. ನಸುಕಿನಲ್ಲೇ ಎದ್ದು ಹೋಗಿ ನೋಡಲಾಗಿ, ಅವರು ಹೆಚ್ಚು ನೋವಿಲ್ಲದೆ ಮಲಗಿದ್ದರು. ಎಣ್ಣೆಯಿಂದ ಸುಡಲ್ಪಟ್ಟವರಾದರೋ ಜ್ವರದಿಂದಲೂ ಬಾವಿನಿಂದಲೂ ನರಳುತ್ತಿದ್ದರು. ಇನ್ನು ಮುಂದೆ ಗಾಯವನ್ನು ಸುಡಲಾರೆನೆಂದು ಆತನು ಅಂದೇ ನಿಶ್ಚಯಿಸಿದನು.

ಕತ್ತರಿಸಿದ ಕೈಕಾಲುಗಳಿಗೆ ಕಾದ ಕಬ್ಬಿಣದಿಂದ ಬರೆ ಹಾಕಿ ರಕ್ತ ನಿಲ್ಲಿಸುವದೂ ವಾಡಿಕೆಯಾಗಿತ್ತು. ಗಾಯದ ರಕ್ತನಾಳವನ್ನು ದಾರದಿಂದ ಕಟ್ಟುವದು ಪೂರ್ವದ ಗ್ರೀಕ್ ವೈದ್ಯರಿಗೂ ತಿಳಿದಿತ್ತು. ಅದನ್ನು ಪಾರೆಯು 1552ರಲ್ಲಿ ದಾಂವಿಲ್ಲೇರ್ ಕೋಟೆಯ ಮುತ್ತಿಗೆಯಲ್ಲಿ ಕಾಲು ಕತ್ತರಿಸಿದಾಗ ಬಳಸಿದನು. ಕಾಗೆಯ ಕೊಕ್ಕಿನಂತೆ ಬಾಗಿದ ಮೂತಿಯುಳ್ಳ ಇಕ್ಕಳದಿಂದ ನಾಳದ ತುದಿಯನ್ನು ಹಿಡಿದೆಳೆದು ದಾರದಿಂದ ಬಿಗಿಯುತ್ತಿದ್ದನು. ಆ ಸಲಕರಣೆಗೆ ಕಾಗೆಕೊಕ್ಕು ಎಂದೇ ಹೆಸರಾಯಿತು. 1564ರಲ್ಲಿ ಈ ವಿಧಾನವನ್ನು ಪುಸ್ತಕದಲ್ಲಿ ವಿವರಿಸಿದನು.

ಆತನು ಲ್ಯಾಟಿನ್ ಅರಿಯದೆ ಜನರ ಭಾಷೆಯಲ್ಲೇ ಬರೆದದ್ದರಿಂದ ಪ್ಯಾರಿಸಿನ ಪಂಡಿತ ವೈದ್ಯರು ವಿರೋಧಿಸಿದರು. ಆದರೂ ನಾಲ್ವರು ಅರಸರು ಆತನನ್ನು ತಮ್ಮ ಶಸ್ತ್ರವೈದ್ಯನನ್ನಾಗಿ ಇಟ್ಟುಕೊಂಡರು. 1590ರಲ್ಲಿ ಆತನು ಪ್ಯಾರಿಸಿನಲ್ಲಿ ತೀರಿಕೊಂಡನು. ಆತನ ಮಾರ್ಗವು ಎಲ್ಲೆಡೆ ರೂಢಿಯಾಗಲು ನೂರಕ್ಕೂ ಹೆಚ್ಚು ವರುಷಗಳು ಹಿಡಿದವು. ಹಿಡಿದ ಮೇಲೆ ತಾನೇ ಬಿಗಿದು ನಿಲ್ಲುವ ಇಕ್ಕಳಗಳು 19ನೆಯ ಶತಮಾನದಲ್ಲಿ ಬಂದವು. 1906ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ, ನಾವು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಂಥ ಕಡೆಗಳಲ್ಲಿ ಶಸ್ತ್ರವೈದ್ಯರು ಹಿಡಿಯುವದು ಕಾಗೆಕೊಕ್ಕಿನ ಸಂತತಿಯನ್ನೇ.

ಗುಣವಾದದ್ದರ ಕೀರ್ತಿಯನ್ನು ಪಾರೆಯು ತಾನಿಟ್ಟುಕೊಳ್ಳದೆ ದೇವರಿಗೆ ಸಲ್ಲಿಸುತ್ತಿದ್ದನು. ನಮ್ಮ ಹಳ್ಳಿಗಳಲ್ಲಿಯೂ ಕೂಸುಗಳಿಗೂ ದನಗಳಿಗೂ ಬರೆ ಹಾಕಿದ್ದನ್ನು ಕಂಡವರಿದ್ದಾರೆ. ಹಿಂದಿನಿಂದ ನಡೆದು ಬಂದದ್ದೆಂದು ಮತ್ತೊಬ್ಬರಿಗೆ ನೋವು ಕೊಡುವ ಮುಂಚೆ, ನಸುಕಿನಲ್ಲೆದ್ದು ಗಾಯಾಳುಗಳನ್ನು ನೋಡಹೋದ ಈ ಕ್ಷೌರಿಕನನ್ನು ನಾವು ನೆನೆಯೋಣ.