ದಾಖಲೆಗಳಲ್ಲಿ ಚದುರಿದ ಕಿಟೆಲ್ ಬದುಕು

ಕನ್ನಡಿಗರ ಪಾಲಿಗೆ ರೆವರೆಂಡ್ ಫರ್ಡಿನಂಡ್ ಕಿಟೆಲ್ ಎಂದರೆ ನಿಘಂಟು. ಆದರೆ ನಿಘಂಟಿನ ಹಿಂದಿದ್ದ ಮನುಷ್ಯನನ್ನು ಅರಸಿ ಹೊರಟವರು ಎರಡು ಖಂಡಗಳ ಕಡತಗಳನ್ನು ತಿರುವಿ ಹಾಕಬೇಕಾಗುತ್ತದೆ.

ಕಿಟೆಲ್ ಜನಿಸಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆಯಲ್ಲಿ. ತಂದೆ ಪಾದ್ರಿ. ಜರ್ಮನ್ ಸಾಮ್ರಾಜ್ಯದಾದ್ಯಂತ ಸರ್ಕಾರಿ ಜನನ, ಮರಣ ನೋಂದಣಿ ಜಾರಿಗೆ ಬಂದದ್ದು 1876ರಲ್ಲಿ. ಹೀಗಾಗಿ ಅವರ ಕಾಲದ ಪೂರ್ವಜರ ಹುಟ್ಟಿನ ಸುಳಿವಿಗೆ ಚರ್ಚಿನ ವಹಿಗಳೇ ಮುಖ್ಯ ಆಧಾರ. ಸಾವಿನ ದಾಖಲೆಗೆ ಸರ್ಕಾರಿ ಕಚೇರಿ.

1853ರಲ್ಲಿ ಬಾಸೆಲ್ ಮಿಷನ್ನಿನ ಕಾರ್ಯಕರ್ತರಾಗಿ ಕಿಟೆಲ್ ಭಾರತಕ್ಕೆ ಬಂದರು. ಅಲ್ಲಿಂದ ಮುಂದಿನ ಅವರ ಹೆಜ್ಜೆಗುರುತುಗಳಿರುವುದು ಮಿಷನ್ನಿನ ಕಡತಗಳಲ್ಲಿ. ಮಿಷನರಿಗಳು ತಮ್ಮ ಕೆಲಸದ ವರದಿಗಳನ್ನು ಬಾಸೆಲ್‌ಗೆ ಕಳುಹಿಸಬೇಕಿತ್ತು. ಆ ಪತ್ರಾಗಾರ ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಪ್ರಚಾರ ಕಾರ್ಯಕ್ಕಿಂತ ಕನ್ನಡ ಸಾಹಿತ್ಯದತ್ತ ಹೆಚ್ಚು ವಾಲಿದ್ದ ಕಿಟೆಲ್ ಅವರ ಒಲವು ಮಿಷನ್ನಿನ ಹಿರಿಯರಿಗೆ ಹಿಡಿಸಿರಲಿಲ್ಲ.

ಕುಟುಂಬದ ದಾಖಲೆಗಳು ಹೇಳುವ ಕಥೆಯೇ ಬೇರೆ. 1860ರಲ್ಲಿ ಪೌಲಿನ್ ಐಟ್ ಅವರನ್ನು ವರಿಸಿದ ಕಿಟೆಲ್, ನಾಲ್ಕೇ ವರ್ಷಗಳಲ್ಲಿ ಪತ್ನಿಯನ್ನು ಕಳೆದುಕೊಂಡರು. ತರುವಾಯ ಆಕೆಯ ಸಹೋದರಿ ಜೂಲಿ ಅವರ ಕೈಹಿಡಿದರು. ಶೋಕ, ಅನಾರೋಗ್ಯ, ತಾಯ್ನಾಡಿನಿಂದ ದೂರ; ಇವೆಲ್ಲದರ ನಡುವೆಯೇ ಗ್ರಂಥಗಳು ಹೊರಬಂದವು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅವರ ಸಂಪಾದಕತ್ವದಲ್ಲಿ ಬೆಳಕು ಕಂಡವು.

ನಿಘಂಟಿನ ಕೆಲಸ ಪೂರೈಸಲೆಂದೇ ಮತ್ತೆ ಭಾರತಕ್ಕೆ ಬಂದ ಅವರು 1892ರಲ್ಲಿ ಸ್ವದೇಶಕ್ಕೆ ಮರಳಿದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಕನ್ನಡ ವ್ಯಾಕರಣ ಗ್ರಂಥ ಹೊರಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲಿಯೇ ಅವರು ನಿಧನರಾದರು.

ಚರ್ಚಿನ ವಹಿಗೆ ಅವರು ಪಾದ್ರಿಯ ಮಗ. ಮಿಷನ್ನಿನ ಕಡತಕ್ಕೆ ದಾರಿತಪ್ಪಿದ ಪ್ರಚಾರಕ. ವಂಶವೃಕ್ಷಕ್ಕೆ ಬಹುಕಾಲ ಪರದೇಶದಲ್ಲಿದ್ದ ಹಿರಿಯ. ಯಾವುದೂ ಸುಳ್ಳಲ್ಲ, ಯಾವುದೂ ಪೂರ್ಣವಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಜರನ್ನು ಹುಡುಕುವ ಯಾರಿಗೇ ಆಗಲಿ, ಇದೊಂದು ಪಾಠ: ಒಂದು ದಾಖಲೆ ಮೌನವಾದಲ್ಲಿ ಮತ್ತೊಂದನ್ನು ಕೇಳಬೇಕು. ಕಿಟೆಲ್ ಅವರ ವಿಷಯದಲ್ಲಿ ಕೊನೆಯ ಸಾಕ್ಷಿ ನಮ್ಮ ಗ್ರಂಥಾಲಯಗಳ ಕಪಾಟಿನಲ್ಲಿಯೇ ಇದೆ.