ಗೃಹಸ್ಥ ಬೇಂದ್ರೆ

ಸಂಕ್ರಾಂತಿಯ ಜಾತ್ರೆಯ ನಂದಿಕೋಲುಗಳು ಮರಳಿ ಮನೆ ಸೇರಿ, ಅಂಗಡಿ ಸಾಲುಗಳು ಒಂದೊಂದಾಗಿ ಕಟ್ಟು ಬಿಚ್ಚುವ ಹೊತ್ತಿಗೆ ಜನವರಿ 31 ಬರುತ್ತದೆ. ಅದು ವರಕವಿ ಬೇಂದ್ರೆಯವರ ಜನ್ಮದಿನ. ಅವರು ಧಾರವಾಡದವರೆಂದು ಲೋಕವೆಲ್ಲ ಬಲ್ಲದು. ಆದರೆ 1944ರಿಂದ 1956ರವರೆಗೆ ಹನ್ನೆರಡು ವರ್ಷ ಅವರು ನಮ್ಮ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರೆಂಬುದನ್ನು ನಮ್ಮ ಹುಡುಗರೇ ಮರೆಯುತ್ತಿದ್ದಾರೆ. ಆ ಕಾರಣಕ್ಕಾಗಿ ಈ ಸ್ಮರಣ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಉಚಿತವೆನಿಸಿತು. ಅವರ ಕಾವ್ಯದ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ. ಇಲ್ಲಿ ಹೇಳಹೊರಟಿದ್ದು ಅವರ ಸಂಸಾರದ ಮಾತು.

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಹುಟ್ಟಿದ್ದು 1896ರಲ್ಲಿ. ಮನೆಮಾತು ಮರಾಠಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಹೊರಗೆ ಪೇಟೆಯಲ್ಲಿ ಮರಾಠಿ. ಅವರದು ಇದರ ತಿರುವು ಮುರುವು. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ತಾಯಿ ಅಂಬಿಕೆ, ಅಜ್ಜಿಯ ಜೊತೆ ಖಾನಾವಳಿ ನಡೆಸಿ, ನಾಲ್ಕು ಜನರಿಗೆ ಅನ್ನ ಬಡಿಸಿ ಬಂದ ದುಡ್ಡಿನಲ್ಲಿ ಮಕ್ಕಳನ್ನು ಬೆಳೆಸಿದರು. ಮಗನು ಕವಿಯಾದಾಗ ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ನಾವು ಗೌರವದಿಂದ ಉಚ್ಚರಿಸುವ ಆ ದೊಡ್ಡ ಹೆಸರಿನೊಳಗೆ ಒಬ್ಬ ಖಾನಾವಳಿಯ ತಾಯಿ ಇದ್ದಾಳೆ.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1918ರಲ್ಲಿ ಬಿ.ಎ. ಮುಗಿಸಿ, ಧಾರವಾಡಕ್ಕೆ ಮರಳಿ ಮಾಸ್ತರಿಕೆ ಹಿಡಿದರು. 1919ರಲ್ಲಿ ರಾಣೇಬೆನ್ನೂರಿನ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. ಗೆಳೆಯರ ಗುಂಪು ಕಟ್ಟಿದ್ದು, ಊರೂರಿಗೆ ಹೋಗಿ ಹಾಡಿದ್ದು, ಭಾಷಣ ಮಾಡಿದ್ದು ಎಲ್ಲವೂ ಆಮೇಲಿನ ವರ್ಷಗಳಲ್ಲೇ. ಮನೆಗೆ ಹೊತ್ತುಗೊತ್ತಿಲ್ಲದೆ ಬರುವ ಗೆಳೆಯರಿಗೆ ಅನ್ನ ಬೇಯಿಸುವವರು ಯಾರೆಂದು ಸಾಹಿತ್ಯ ಚರಿತ್ರೆ ಕೇಳುವುದಿಲ್ಲ. ಸಂಸಾರಸ್ಥರಾದ ನಾವು ಕೇಳಬೇಕು.

1932ರಲ್ಲಿ 'ಗರಿ' ಸಂಕಲನ ಬಂದಿತು. ಅದರಲ್ಲಿದ್ದ 'ನರಬಲಿ' ಎಂಬ ಕವಿತೆ ಬ್ರಿಟಿಷ್ ಸರಕಾರದ ಕಣ್ಣಿಗೆ ರಾಜದ್ರೋಹವಾಗಿ ಕಂಡಿತು. ಕವಿಯನ್ನು ಹಿಂಡಲಗಿ ಜೈಲಿಗೆ ಹಾಕಿದರು, ಅನಂತರ ಧಾರವಾಡದ ಹತ್ತಿರದ ಮುಗದ ಗ್ರಾಮದಲ್ಲಿ ನಜರಬಂದಿಯಲ್ಲಿಟ್ಟರು. ನೌಕರಿ ಹೋಯಿತು. ಆಮೇಲೆ ಹಲವು ವರ್ಷ ಸ್ಥಿರವಾದ ಪಗಾರವೆಂಬುದೇ ಇರಲಿಲ್ಲ. ಕವಿಗೆ ದೇಶಭಕ್ತನೆಂಬ ಕೀರ್ತಿ ಬಂತು, ನಿಜ. ಆದರೆ ಒಲೆ ಹೊತ್ತಿಸುವ ಚಿಂತೆ ಮಾತ್ರ ಲಕ್ಷ್ಮೀಬಾಯಿಯವರ ಪಾಲಿಗೆ ಉಳಿಯಿತು. ಹೀಗಿರುವಾಗ ಬೇಂದ್ರೆಯವರನ್ನು ಕುಟುಂಬವತ್ಸಲರೆನ್ನಬಹುದೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ತಪ್ಪಲ್ಲ. ಅದನ್ನು ಎಲ್ಲರಿಗಿಂತ ಮೊದಲು ಕೇಳಿಕೊಂಡವರು ಅವರೇ ಎಂದು ನನಗೆ ತೋರುತ್ತದೆ.

ಅದಕ್ಕೆ ಸಾಕ್ಷಿ 1937ರ 'ಸಖೀಗೀತ'. ಹೆಂಡತಿಯನ್ನು ಸಖಿಯೆಂದು ಕರೆದು, ತಮ್ಮಿಬ್ಬರ ದಾಂಪತ್ಯದ ಕಥೆಯನ್ನು ಮುಚ್ಚುಮರೆಯಿಲ್ಲದೆ ಅದರಲ್ಲಿ ಬಿಚ್ಚಿಟ್ಟರು. ಬಡತನ, ಮುನಿಸು, ಮಕ್ಕಳ ಸಾವು ಯಾವುದನ್ನೂ ಬಿಡಲಿಲ್ಲ. ರಾಧೆ ಶಕುಂತಲೆಯರನ್ನು ಹಾಡುವುದು ಸುಲಭ. ದಿನವೂ ಎದುರಿಗೆ ಕೂತು ಅಕ್ಕಿ ಆರಿಸುವ ಹೆಂಡತಿಯನ್ನು ಕಾವ್ಯದ ನಾಯಕಿಯನ್ನಾಗಿ ಮಾಡಲು ಬೇರೆಯೇ ಎದೆ ಬೇಕು.

ಮಕ್ಕಳ ವಿಷಯ ಹೇಳಲು ಕೈ ಹಿಂಜರಿಯುತ್ತದೆ. ಆ ದಂಪತಿಗಳಿಗೆ ಹುಟ್ಟಿದ ಮಕ್ಕಳಲ್ಲಿ ಉಳಿದವರು ಪಾಂಡುರಂಗ, ವಾಮನ, ಮಂಗಲಾ ಮೂವರೇ. ಉಳಿದ ಕೂಸುಗಳನ್ನೆಲ್ಲ ಒಂದರ ಹಿಂದೊಂದು ಮಣ್ಣಿಗೆ ಕೊಟ್ಟರು. ಒಂದು ಕೂಸು ಕೊನೆಯುಸಿರಿನಲ್ಲಿದ್ದಾಗ ತಾಯಿ ಬಾಯಿಬಿಟ್ಟು ಅಳಲಿಲ್ಲ, ಗಂಡನ ಮುಖವನ್ನು ಸುಮ್ಮನೆ ನೋಡಿದಳು. ಆ ನೋಟವನ್ನು ತಾಳಲಾರದೆ ಹುಟ್ಟಿದ ಹಾಡು ಇಂದಿಗೂ ನಮ್ಮ ಸಭೆ ಸಮಾರಂಭಗಳಲ್ಲಿ ಕೇಳಿಬರುತ್ತದೆ. ಅದರ ಹೆಸರು ಹೇಳಬೇಕಾಗಿಲ್ಲ, ಎಲ್ಲರಿಗೂ ಬಾಯಿಪಾಠ. ಕೆಲವರು ಅದನ್ನು ಪ್ರೇಮಗೀತೆಯೆಂದು ತಿಳಿದು ಮದುವೆ ಮಂಟಪದಲ್ಲಿ ಹಾಡಿಸುವುದುಂಟು. ಮುಂದಿನ ಸಲ ಅರ್ಥ ನೋಡಿ ಹಾಡಿಸಲಿ ಎಂದು ಪ್ರಾರ್ಥನೆ.

1935ರಲ್ಲಿ, ಮೂವತ್ತೊಂಬತ್ತು ತುಂಬಿದ ಮೇಲೆ, ಎಂ.ಎ. ಮಾಡಿಕೊಂಡರು. 1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕನ್ನಡಿಗರು ಅಷ್ಟು ದೊಡ್ಡ ಪೀಠದಲ್ಲಿ ಕೂರಿಸಿದ ಮನುಷ್ಯನಿಗೆ ನೆಮ್ಮದಿಯ ಉದ್ಯೋಗ ಸಿಕ್ಕಿದ್ದು ಮರುವರ್ಷ, ಅದೂ ಸೊಲ್ಲಾಪುರದಲ್ಲಿ! ಈ ಮಾತನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ನಲವತ್ತೆಂಟರಿಂದ ಅರವತ್ತರವರೆಗಿನ ಅವರ ಪ್ರಾಯವನ್ನು ನಮ್ಮೂರು ಕಂಡಿತು. 'ಗಂಗಾವತರಣ' 1951ರಲ್ಲಿ ಪ್ರಕಟವಾದಾಗ ಅವರು ಇಲ್ಲಿಯೇ ಇದ್ದರು. ಸಿದ್ಧರಾಮನ ಸೊನ್ನಲಿಗೆಯಲ್ಲಿ ವಚನದ ಬೇರು ಮೊದಲೇ ಇತ್ತು. ಅದರ ಪಕ್ಕದಲ್ಲಿ ನಿಂತು ಅವರು ನಮ್ಮ ಗಿರಣಿ ಕಾರ್ಮಿಕರ, ನೇಕಾರರ ಮಕ್ಕಳಿಗೂ ಕನ್ನಡ ಕಲಿಸುವಂತಾಯಿತು.

1956ರಲ್ಲಿ ರಾಜ್ಯಗಳ ವಿಂಗಡಣೆಯಾಗಿ ಧಾರವಾಡ ಆ ಕಡೆಗೆ, ಸೊಲ್ಲಾಪುರ ಈ ಕಡೆಗೆ ಉಳಿದವು. ಬೇಂದ್ರೆಯವರೂ ಅದೇ ವರ್ಷ ಧಾರವಾಡ ಆಕಾಶವಾಣಿಗೆ ಸಲಹೆಗಾರರಾಗಿ ಹೊರಟುಹೋದರು. ಮುಂದಿನದು ಸನ್ಮಾನಗಳ ಕಾಲ: 'ಅರಳು ಮರಳು'ವಿಗೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, 'ನಾಕುತಂತಿ'ಗೆ 1973ರ ಜ್ಞಾನಪೀಠ. ಮರಾಠಿಯಲ್ಲಿ ಬರೆದ 'ಸಂವಾದ'ಕ್ಕೂ ಕೇಳ್ಕರ್ ಬಹುಮಾನ ಬಂತು. ಮುಪ್ಪಿನಲ್ಲಿ ಅವರಿಗೆ ಹಿಡಿದ ಅಂಕೆ ಸಂಖ್ಯೆಗಳ ಗೀಳು, ಆ 441ರ ರಹಸ್ಯ, ನನ್ನಂಥವರ ತಲೆಗೆ ಹತ್ತುವುದಿಲ್ಲವಾದ್ದರಿಂದ ಬಿಟ್ಟಿದ್ದೇನೆ.

1981ರ ಅಕ್ಟೋಬರ್ 26ರಂದು ಮುಂಬಯಿಯಲ್ಲಿ ಅವರು ಕಣ್ಣುಮುಚ್ಚಿದರು. ತಂದೆಯ ಚದುರಿದ ಕವಿತೆಗಳನ್ನೆಲ್ಲ ಕೂಡಿಸಿ 'ಔದುಂಬರ ಗಾಥೆ'ಯ ಸಂಪುಟಗಳಾಗಿ ಹೊರತಂದವರು ಉಳಿದ ಮೂವರು ಮಕ್ಕಳಲ್ಲಿ ಒಬ್ಬರಾದ ವಾಮನ ಬೇಂದ್ರೆ.

ವಿಜಯಪುರದ ಮೇಲಿಂದ ಧಾರವಾಡಕ್ಕೆ ಹೋಗುವ ಭಕ್ತ ಬಾಂಧವರು ಒಂದು ತಾಸು ಬಿಡುವು ಮಾಡಿಕೊಂಡು ಸಾಧನಕೇರಿಗೆ ಹೋಗಿಬರಬೇಕು. ಎದುರಿಗೆ ಕೆರೆ, ಈಚೆಗೆ ಅವರ ಮನೆ. ಮನೆಯ ಹೆಸರು 'ಶ್ರೀಮಾತಾ'.